ನನ್ನ ತಮ್ಮನ ಕೈಗೆ ನಾನು ಕೊಟ್ಟ ಬಂದೂಕು

ನನ್ನ ಬಗ್ಗೆ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ. ಹೇಳಿದರೂ ನಡೆಯುವುದಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವಳು, ಕೂಡ್ಲಿಗಿ ಬಸ್ ನಿಲ್ದಾಣದ ಎದುರಿಗೆ ಖಾನಾವಳಿ ಇಟ್ಟುಕೊಂಡವಳು. ನಾನು ರೊಟ್ಟಿ ಬಡಿಯುವುದನ್ನು ದಿನಾ ಊರೆಲ್ಲ ಕಣ್ಣಾರೆ ನೋಡುತ್ತದೆ. ಇನ್ನು ನನ್ನನ್ನು ನಾನೇ ಹೊಗಳಿಕೊಂಡರೆ ನಂಬುವವರು ಯಾರು? ಆದರೆ ದೂರದಲ್ಲಿರುವ ಒಡಹುಟ್ಟಿದವರ ವಿಷಯ ಹಾಗಲ್ಲ. ಅವರನ್ನು ಇಲ್ಲಿ ಯಾರೂ ನೋಡುತ್ತಿರುವುದಿಲ್ಲ, ನಾವು ಹೇಳಿದ್ದು ಅವರ ಕಿವಿಗೂ ಬೀಳುವುದಿಲ್ಲ. ಹಾಗಾಗಿ ಅವರನ್ನು ನಮಗೆ ಬೇಕಾದಷ್ಟು ಎತ್ತರಕ್ಕೆ ಬೆಳೆಸಬಹುದು. ನಾನು ನನ್ನ ತಮ್ಮ ಕೊಟ್ರೇಶನನ್ನು ಹದಿನೇಳು ವರ್ಷ ಹಾಗೆ ಬೆಳೆಸಿದೆ. ಅವನು ಊರಿಗೆ ಬಂದಾಗ, ನಾನು ಬೆಳೆಸಿದವನು ಬಾಗಿಲಲ್ಲಿ ಹಿಡಿಸಲಾರದಷ್ಟು ದೊಡ್ಡವನಾಗಿದ್ದ. ನಿಜವಾದವನಿಗೆ ಒಳಗೆ ಬರಲು ಜಾಗವೇ ಇರಲಿಲ್ಲ.

ಕೊಟ್ರೇಶ ಮಿಲಿಟರಿಯಲ್ಲಿ ಇದ್ದದ್ದು ನಿಜ. ಅಲ್ಲಿ ಅವನ ಕೆಲಸ ಸಾಮಾನು ತುಂಬಿಸುವುದು. ಎಲ್ಲೋ ಉತ್ತರದ ಬೆಟ್ಟಗಳ ಬುಡದಲ್ಲಿ ಒಂದು ವಿಮಾನದ ಮೈದಾನ. ಅಲ್ಲಿಂದ ಮೇಲಿದ್ದ ಪಡೆಗಳಿಗೆ ಹಿಟ್ಟಿನ ಮೂಟೆ, ಸೀಮೆಎಣ್ಣೆ ಡ್ರಮ್ಮು, ಔಷಧಿ, ಬೂಟು ಹೋಗುತ್ತಿದ್ದವು. ಅವನ್ನು ತೂಗಿ, ಯಾವುದು ಮುಂದೆ, ಯಾವುದು ನಡುವೆ, ಯಾವುದು ಹಿಂದೆ ಎಂದು ಲೆಕ್ಕ ಹಾಕಿ, ಬಲೆ ಹೊದಿಸಿ, ಸರಪಳಿ ಬಿಗಿದು ಕೊಡುವುದು ಇವನ ತಂಡದ ಕೆಲಸ. ರಜೆಗೆ ಬಂದಾಗೊಮ್ಮೆ ನನ್ನ ಊಟದ ಕ್ಯಾರಿಯರ್ ಮುಂದಿಟ್ಟುಕೊಂಡು ಎಲ್ಲ ವಿವರಿಸಿದ್ದ. "ಅಕ್ಕಾ, ನಾ ತೂಕದ ಹಾಳಿ ಬರದು ಕೊಡಾತನಕ ಪೈಲಟ್ ವಿಮಾನ ಎಬ್ಬಿಸಂಗಿಲ್ಲ" ಅಂದಿದ್ದ. ನನಗೆ ಆ ಹಾಳೆಯೂ ಕಾಣಲಿಲ್ಲ, ಪೈಲಟ್ಟೂ ಕಾಣಲಿಲ್ಲ. ಕಂಡದ್ದು ಮೂಟೆ ಒಂದೇ. "ಮೆಲ್ಲಗ ಮಾತಾಡಲೇ, ಗಿರಾಕಿ ಕೇಳ್ತಾರ" ಅಂದೆ.

ಯಾಕೆಂದರೆ ನಮ್ಮಪ್ಪ ಕೊಟ್ಟೂರಿನ ದಲಾಲಿ ಅಂಗಡಿಗಳಲ್ಲಿ ಹಮಾಲಿ ಮಾಡುತ್ತಿದ್ದ. ಮೂಟೆಗೆ ಹಾಕಿ ಎಳೆಯುವ ಅವನ ಕಬ್ಬಿಣದ ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡೇ ಶಾಲೆಗೆ ಬಂದು, "ನೀಲವ್ವನ್ನ ಕಳಿಸ್ರಿ" ಎಂದು ಬಾಗಿಲಲ್ಲಿ ನಿಂತರೆ ನಾನು ಬೆಂಚಿನ ಕೆಳಗೆ ಇಲ್ಲದ ಬಳಪ ಹುಡುಕುತ್ತಿದ್ದೆ. ತಮ್ಮ ಮಿಲಿಟರಿಗೆ ಸೇರಿದಾಗ ಆ ಕೊಕ್ಕೆಯಿಂದ ನಮ್ಮ ಮನೆತನಕ್ಕೆ ಬಿಡುಗಡೆಯಾಯಿತು ಅಂದುಕೊಂಡಿದ್ದೆ. ಅವನು ಅಷ್ಟು ದೂರ, ಅಷ್ಟು ಚಳಿಗೆ ಹೋಗಿಯೂ ಮೂಟೆಯನ್ನೇ ಹಿಡಿದಿದ್ದಾನೆ ಎಂದು ಹೇಳಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಹಾಗಾಗಿ ನಾನೇ ಅವನ ಕೈಗೊಂದು ಬಂದೂಕು ಕೊಟ್ಟೆ. ಮೊದಲ ವರ್ಷ ಅವನು ಗಡಿಯಲ್ಲಿ ಸುಮ್ಮನೆ ನಿಂತಿದ್ದ. ಗಿರಾಕಿಗಳು ಎರಡನೇ ರೊಟ್ಟಿ ಕೇಳುವಷ್ಟರಲ್ಲಿ ಹಿಮದಲ್ಲಿ ತೆವಳತೊಡಗಿದ. ಹೊಳಲಿನಿಂದ ಬರುತ್ತಿದ್ದ ಮೇಷ್ಟ್ರೊಬ್ಬರು ಅನ್ನ ಬಿಟ್ಟು ಕಣ್ಣೊರೆಸಿಕೊಂಡ ದಿನ, ನನ್ನ ಕತೆಯ ತಮ್ಮ ತಿಂಗಳುಗಟ್ಟಲೆ ಊಟವನ್ನೂ ಬಿಟ್ಟ. ಅಷ್ಟೂ ದಿನ ನಿಜವಾದವನು ಹಿಟ್ಟಿನ ಮೂಟೆಗಳ ನಡುವೆಯೇ ಇದ್ದ.

ನಿವೃತ್ತನಾಗಿ ಬಂದ ಕೊಟ್ರೇಶನಿಗೆ ಹಾರ ಬಿತ್ತು, ತಲೆಗೆ ಪೇಟ ಏರಿತು. ಆಮೇಲೆ ಕೆಲಸ ಹುಡುಕಬೇಕಲ್ಲ. ಮೂವತ್ತೆಂಟರ ಪ್ರಾಯ, ಸುಮ್ಮನೆ ಕೂರುವ ಜಾಯಮಾನವಲ್ಲ. ನಮ್ಮಲ್ಲಿ ಮಿಲಿಟರಿಯಿಂದ ಬಂದವನಿಗೆ ಜನ ಕೊಡುವ ಕೆಲಸ ಒಂದೇ, ಯಾವುದಾದರೂ ಬಾಗಿಲಲ್ಲಿ ನಿಲ್ಲುವುದು. ಹಗರಿಬೊಮ್ಮನಹಳ್ಳಿಯವರು ಅಂಗಡಿ ಬಾಗಿಲಿಗೆ ಕರೆದರು, ಹರಪನಹಳ್ಳಿಯವರು ಶಾಲೆಯ ಗೇಟಿಗೆ ಕರೆದರು. "ಏನ್ ಬರ್ತತಪ್ಪಾ ನಿನಗ?" ಎಂದು ಒಬ್ಬರೂ ಕೇಳಲಿಲ್ಲ. ಮೀಸೆ ನೋಡಿದರು, ಸಾಕೆಂದರು. ಹೊಸಪೇಟೆಯಲ್ಲಿ ಮಾಜಿ ಸೈನಿಕರಿಗೆ ದಾರಿ ತೋರಿಸುವ ಶಿಬಿರವಿದೆ ಎಂದು ಅಲ್ಲಿಗೂ ಹೋದ. ಇನ್ನೂ ಮೀಸೆ ಬಲಿಯದ ಒಬ್ಬ ತಜ್ಞ ಇವನ ಬಯೋಡೇಟಾ ತಯಾರಿಸಿದ. ಕಂಪ್ಯೂಟರಿನ ಪಟ್ಟಿಯಲ್ಲಿ ವಿಮಾನಕ್ಕೆ ಸಾಮಾನು ತುಂಬಿಸುವ ಕೆಲಸವೇ ಇರಲಿಲ್ಲವಂತೆ, 'ಇತರೆ' ಎಂದು ಒತ್ತಿದನಂತೆ. ಕೊನೆಗೆ ಬಂದ ಹಾಳೆಯಲ್ಲಿ ನಾಯಕತ್ವ, ಶಿಸ್ತು, ಒತ್ತಡ ನಿಭಾಯಿಸುವ ಗುಣ ಎಂದೆಲ್ಲ ಇತ್ತು. ಕೊಟ್ರೇಶ ಎರಡು ಸಲ ಓದಿ ಕೇಳಿದನಂತೆ: "ಸರ್, ಇದರಾಗ ನಾ ಎಲ್ಲಿ ಅದೀನ್ರಿ?"

ಈಗ ನನ್ನ ತಪ್ಪಿಗೆ ಬರುತ್ತೇನೆ. ಇಷ್ಟು ಸುತ್ತಿದ್ದು ಅದಕ್ಕೆ ಬರಲು ಮನಸ್ಸಿಲ್ಲದೆ. ಖಾದರ್ ಸಾಹೇಬರು ನಮ್ಮಲ್ಲಿ ದಿನಾ ಮಧ್ಯಾಹ್ನ ಊಟ ಮಾಡುವವರು. ಹೆದ್ದಾರಿ ಪಕ್ಕ ಅವರ ಲಾರಿ ಟ್ರಾನ್ಸ್‌ಪೋರ್ಟು, ಗೋದಾಮು ಇದೆ. ಆಗಷ್ಟೇ ಅವರದೊಂದು ಲಾರಿ ತಿರುವಿನಲ್ಲಿ ಪಕ್ಕಕ್ಕೆ ಮಲಗಿ, ಡ್ರೈವರ್ ತೋಳು ಮುರಿದುಕೊಂಡಿದ್ದ. ಲೋಡು ನೋಡಿಕೊಳ್ಳುವ ಬಲ್ಲವನೊಬ್ಬ ಬೇಕಾಗಿತ್ತು. ಕೈ ತೊಳೆಯುತ್ತ ಕೇಳಿದರು: "ನೀಲಮ್ಮಾರ, ನಿಮ್ಮ ತಮ್ಮ ಮಿಲಿಟರ್ಯಾಗ ಲೋಡಿಂಗ್ ಮಾಡ್ತಿದ್ದ ಅಂತ ಯಾರೋ ಅಂದ್ರು. ಹೌದೇನ್ರಿ?"

ನಾಲ್ಕು ಬೆಂಚು ತುಂಬ ಗಿರಾಕಿಗಳಿದ್ದರು. ಹೊಳಲಿನ ಮೇಷ್ಟ್ರೂ ಇದ್ದರು. ಒಂದು 'ಹೌದು' ಅಂದಿದ್ದರೆ ತಮ್ಮನಿಗೆ ಅವನಿಗೆ ಬರುವ ಕೆಲಸವೇ ಸಿಗುತ್ತಿತ್ತು. ನಾನೇನಂದೆ?

"ಛೀ, ಯಾರ್ರೀ ಹೇಳಿದ್ದು? ಹದಿನೇಳು ವರ್ಷ ಬಂದೂಕ ಬಿಟ್ಟು ಬ್ಯಾರೆ ಏನೂ ಹಿಡಿದಿಲ್ರಿ ಅವ. ಮೂಟಿ ಕಡಿ ತಿರುಗಿ ಸೈತ ನೋಡಿಲ್ಲ."

"ಹಂಗಾರ ನಮ್ಮ ಕೆಲಸಕ್ಕ ಬರಂಗಿಲ್ಲ ಬಿಡ್ರಿ" ಎಂದು ಸಾಹೇಬರು ಬಾಯಿ ಒರೆಸಿಕೊಂಡು ಹೋದರು. ಆ ಕೆಲಸ ಹರಪನಹಳ್ಳಿಯ ಅವರ ಭಾಮೈದನಿಗೆ ಹೋಯಿತು. ನಾನು ಈ ವಿಷಯ ಮನೆಯಲ್ಲಿ ಹೇಳಲಿಲ್ಲ. ಆವತ್ತು ತಮ್ಮನಿಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದೆ. "ಏನಕ್ಕಾ ಇವತ್ತು?" ಅಂದ. "ಉಣ್ಣು ಸುಮ್ನ" ಅಂದೆ.

ಕೊನೆಗೆ ಅವನು ಕೊಟ್ಟೂರಿನ ಒಂದು ಕಲ್ಯಾಣ ಮಂಟಪದ ಗೇಟಿಗೆ ನಿಂತ. ಹೆಗಲ ಮೇಲೆ ಚಿನ್ನದ ಬಣ್ಣದ ಕುಚ್ಚು, ಎದೆಗೆ ಅಡ್ಡಪಟ್ಟಿ. ಮಿಲಿಟರಿಯಲ್ಲಿ ಅವನ ದೊಡ್ಡ ಅಧಿಕಾರಿಗಳಿಗೂ ಅಷ್ಟು ಅಲಂಕಾರ ಇರಲಿಲ್ಲವಂತೆ. ಬೀಗರಿಗೆ ಸೆಲ್ಯೂಟ್ ಹೊಡೆಯುವುದೇ ಕೆಲಸ. ಒಂದು ಮದುವೆಗೆ ನಾನೂ ಹೋಗಿದ್ದೆ. ಮದುಮಗಳ ಸಾಮಾನನ್ನು ಟೆಂಪೋಗೆ ತುಂಬುತ್ತಿದ್ದರು. ಬೀರು ಒಂದು ಕಡೆ, ಮಂಚ ಇನ್ನೊಂದು ಕಡೆ, ಪಾತ್ರೆಗಳ ಮೇಲೆ ಮಿಕ್ಸರ್. ಕೊಟ್ರೇಶ ಗೇಟಿನಿಂದ ನೋಡಿದ, ಆಚೆ ತಿರುಗಿದ, ಮತ್ತೆ ನೋಡಿದ. ಕೊನೆಗೆ ತಡೆಯಲಾರದೆ ಓಡಿ ಹೋಗಿ, ಎಲ್ಲ ಇಳಿಸಿ, ಬೀರುವನ್ನು ನಡುವೆ ತಂದು, ಸಂದಿಗೆ ಚಾಪೆ ಒತ್ತುಕೊಟ್ಟು, ಹಗ್ಗ ಬಿಗಿದು, ಗಂಟನ್ನು ಎರಡು ಸಲ ಜಗ್ಗಿ ನೋಡಿದ. ಆ ಹೊತ್ತಿನಲ್ಲಿ ಅವನ ಮುಖ ನೋಡಬೇಕಿತ್ತು. ಮಿಲಿಟರಿಯಿಂದ ಬಂದಮೇಲೆ ಅವನು ಅಷ್ಟು ಆರಾಮಾಗಿ ಇದ್ದದ್ದನ್ನು ನಾನು ನೋಡೇ ಇರಲಿಲ್ಲ.

ಮಂಟಪದ ಯಜಮಾನರು ಕೂಗಿದರು: "ಏನ್ರೀ ಕೊಟ್ರೇಶಣ್ಣ, ಗಡಿ ಕಾದೋರು ನೀವು, ಬೀರು ಹೊರ್ತೀರಲ್ರೀ! ನಿಮ್ಮಕ್ಕ ಹೇಳಿದ್ದು ಕೇಳಿ ನಾವು ನಿಮ್ಮನ್ನ ತಗಂಡಿದ್ದು. ಮಿಲಿಟರಿ ಮರ್ಯಾದಿ ಆದ್ರೂ ಉಳಸ್ರಿ." ಕೊಟ್ರೇಶ ನನ್ನ ಕಡೆ ಒಂದು ಸಲ ನೋಡಿ, ಕುಚ್ಚು ಸರಿಮಾಡಿಕೊಂಡು ಗೇಟಿಗೆ ಹೋಗಿ ನಿಂತ. ನಾನು ಕೈಲಿದ್ದ ಹೋಳಿಗೆಯನ್ನು ಅಲ್ಲೇ ಇಟ್ಟುಬಿಟ್ಟೆ. ಎರಡು ತಿಂದಿದ್ದೆ, ಅದು ಮೂರನೆಯದು.

ಮರುದಿನ ನೇರವಾಗಿ ಸಾಹೇಬರ ಗೋದಾಮಿಗೆ ಹೋದೆ. ಭಾಮೈದ ಆಗಲೇ ಕೆಲಸ ಬಿಟ್ಟು ಹೋಗಿದ್ದ. ನಿಜ ಹೇಳಿದೆ: "ನಾ ಸುಳ್ಳು ಹೇಳಿದ್ದೆ ಸಾಹೇಬ್ರ. ನನ್ನ ತಮ್ಮ ವಿಮಾನಕ್ಕ ಸಾಮಾನು ತುಂಬಿಸ್ತಿದ್ದ. ಅವ ತೂಕದ ಹಾಳಿ ಕೊಡಾತನಕ ಪೈಲಟ್ ವಿಮಾನ ಎಬ್ಬಿಸ್ತಿರಲಿಲ್ರಿ."

ಸಾಹೇಬರು ಬಿದ್ದು ಬಿದ್ದು ನಕ್ಕರು. "ಬಿಡ್ರಿ ನೀಲಮ್ಮಾರ! ಬಂದೂಕ ಹಿಡಿದು ನಿಂತಿದ್ದ ಅಂದ್ರಿ, ನಂಬಿದ್ವಿ. ಹಿಮದಾಗ ಉಪಾಸ ಇದ್ದ ಅಂದ್ರಿ, ಅದನ್ನೂ ನಂಬಿದ್ವಿ. ಈಗ ವಿಮಾನನ ಇವನ ಮಾತು ಕೇಳತಿತ್ತು ಅಂತೀರಲ್ಲ! ತಮ್ಮಗ ಕೆಲಸ ಬೇಕಂದ್ರ ಸೀದಾ ಕೇಳ್ರಿ, ಹಿಂಗೆಲ್ಲ ಕತಿ ಕಟ್ಟಬ್ಯಾಡ್ರಿ."

ಅಲ್ಲಿದ್ದ ಹಮಾಲರೂ ನಕ್ಕರು. ಜೀವನದಲ್ಲಿ ಮೊದಲ ಸಲ ತಮ್ಮನ ಬಗ್ಗೆ ನಿಜ ಹೇಳಿದ್ದೆ. ಅದನ್ನು ನಂಬುವವರು ಇಡೀ ಕೂಡ್ಲಿಗಿಯಲ್ಲಿ ಒಬ್ಬರೂ ಇರಲಿಲ್ಲ. ಅಳುತ್ತ ಮನೆಗೆ ಬಂದು ತಮ್ಮನಿಗೆ ಎಲ್ಲ ಒಪ್ಪಿಸಿದೆ. ಅವನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ಗೇಟಿನ ಕುಚ್ಚಿನ ಅಂಗಿ ಮಡಚಿ ಪಕ್ಕಕ್ಕಿಟ್ಟ. ಆಮೇಲೆ, "ಅಕ್ಕಾ, ಅಪ್ಪನ ಕೊಕ್ಕಿ ಎಲ್ಲೈತಿ?" ಅಂದ. ಅಡುಗೆಮನೆಯಲ್ಲಿ ನಾನು ಬೆಳ್ಳುಳ್ಳಿ ಗೊಂಚಲು ನೇತುಹಾಕಿದ್ದು ಅದಕ್ಕೇ. ಬೆಳ್ಳುಳ್ಳಿ ಬಿಚ್ಚಿ ನನ್ನ ಕೈಗೆ ಕೊಟ್ಟ, ಕೊಕ್ಕೆಯನ್ನು ಹೆಗಲಿಗೆ ಸಿಕ್ಕಿಸಿಕೊಂಡ. ಬಾಗಿಲು ದಾಟುವಾಗ ಥೇಟ್ ಅಪ್ಪನ ಹಾಗೇ ಕಂಡ. ಈ ಸಲ ನಾನು ಬಳಪ ಹುಡುಕಲಿಲ್ಲ.

ಸಾಹೇಬರ ಗೋದಾಮಿನಲ್ಲಿ ಹಮಾಲನಾಗಿ ಸೇರಿಕೊಂಡ. ನಾಲ್ಕನೇ ದಿನ, ಎಂದಿನಂತೆ ಬೋರ್‌ವೆಲ್ ಪೈಪನ್ನೆಲ್ಲ ಎಡಕ್ಕೆ, ಹುಣಸೆಹಣ್ಣಿನ ಮೂಟೆ ಬಲಕ್ಕೆ ತುಂಬಿ ಹೊರಟಿದ್ದ ಲಾರಿಗೆ ಅಡ್ಡ ನಿಂತನಂತೆ. ಡ್ರೈವರ್ ಕೂಗಾಡಿದ. ಸಾಹೇಬರು ಬಂದರು. "ಏನಲೇ ಇದು?" ಅಂದರು. ಕೊಟ್ರೇಶ ಡ್ರೈವರನ್ನು ಒಂದೇ ಮಾತು ಕೇಳಿದ: "ಅಣ್ಣಾ, ಹೋದ ಟ್ರಿಪ್ಪಿನ್ಯಾಗ ತಿರುವಿನ್ಯಾಗ ಗಾಡಿ ಎಡಕ್ಕ ಎಳೀತಿತ್ತಿಲ್ಲ?" ಡ್ರೈವರ್ ಸಾಹೇಬರ ಕಡೆ ತಿರುಗಿದ. "ಎಳೀತಿತ್ರಿ ಸಾಹೇಬ್ರ. ನಾ ಟೈರಿಂದು ಅನ್ಕಂಡಿದ್ದೆ." ಎಲ್ಲ ಇಳಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪೈಪು ನಡುವೆ ಬರುವ ಹಾಗೆ ಮತ್ತೆ ತುಂಬಿಸಿದ. ಘಟ್ಟ ದಾಟಿದ ಮೇಲೆ ಡ್ರೈವರ್ ಫೋನ್ ಮಾಡಿ, "ಗಾಡಿ ಹಡಗಲಿ ಮಲ್ಲಿಗಿ ಹೊತ್ತಂಗ ಹಗುರ ಹೋತ್ರಿ" ಅಂದನಂತೆ. ಸಾಹೇಬರು ಎದ್ದು ನಿಂತು, ತಮ್ಮ ಕುರ್ಚಿಯನ್ನೇ ಕೊಟ್ರೇಶನಿಗೆ ಕೊಟ್ಟು, ಕೂರಿಸಿ, ಲೋಡಿನ ಪೂರ್ತಿ ಉಸ್ತುವಾರಿ ಅವನಿಗೇ ವಹಿಸಿದರು.

ಈಗ ಗಿರಾಕಿಗಳು, "ತಮ್ಮ ಏನ್ ಮಾಡ್ತಾನ್ರಿ?" ಎಂದು ಕೇಳುತ್ತಾರೆ. "ಲೋಡು ತುಂಬಿಸ್ತಾನ್ರಿ, ಮಿಲಿಟರ್ಯಾಗೂ ಅದನ್ನ ಮಾಡ್ತಿದ್ದ" ಅನ್ನುತ್ತೇನೆ. ಅದನ್ನು ಕೇಳಿ ಹೊಳಲಿನ ಮೇಷ್ಟ್ರು, "ಪಾಪ, ಹಿಮದಾಗ ತೆವಳಿದ ಜೀವ, ಎಂಥಾ ಕೆಲಸಕ್ಕ ಬಂತು ನೋಡ್ರಿ" ಎಂದು ಸರ್ಕಾರವನ್ನು ಬೈದು ಇನ್ನೊಮ್ಮೆ ಕಣ್ಣೊರೆಸಿಕೊಳ್ಳುತ್ತಾರೆ. ಮೂಲೆಯಲ್ಲಿ ಕೂತು ಉಣ್ಣುತ್ತಿರುವ ಕೊಟ್ರೇಶ ತಲೆಯೆತ್ತಿ ನನ್ನನ್ನು ನೋಡುತ್ತಾನೆ. ಒಂದು ದಿನ ಅಂದ: "ಬಾಯಿಲೆ ಹೇಳಿದ್ರ ಯಾರೂ ನಂಬವಲ್ರು ಅಕ್ಕಾ. ನಿನಗ ಬರುವಷ್ಟು ಬರದುಬಿಡು."

ಹಾಗಾಗಿ ಇದನ್ನು ಬರೆದೆ. ಬರೆದು ಮೊದಲು ಅವನಿಗೇ ಓದಲು ಕೊಟ್ಟೆ. ತೂಕದ ಹಾಳೆ ಪರೀಕ್ಷಿಸುವ ಹಾಗೆ ಪೆನ್ಸಿಲ್ ಹಿಡಿದು ಓದಿದ. ಎಲ್ಲ ಸರಿಯಿದೆ ಅಂದ, ಒಂದು ಕಡೆ ಮಾತ್ರ ಗೆರೆ ಎಳೆದ. ಸಾಹೇಬರು ಎದ್ದು ನಿಲ್ಲಲಿಲ್ಲವಂತೆ. ತಮ್ಮ ಕುರ್ಚಿಯನ್ನೂ ಕೊಡಲಿಲ್ಲವಂತೆ. ಅಲ್ಲೇ ಇದ್ದ ಮೂಟೆ ತೋರಿಸಿ, "ಕುಂದ್ರಪಾ" ಅಂದರಂತೆ.