ಆಫೀಸಿಗೆ ತಂದ ಮಣ್ಣು

ಕೆಂಗೇರಿ ಬಳಿಯ ಮಣ್ಣು ಪರೀಕ್ಷಾ ಕಚೇರಿಯಲ್ಲಿ ನಾನಿದ್ದಷ್ಟು ವರ್ಷವೂ ಇಂಥ ಪ್ರಸಂಗಗಳು ನಡೆಯುತ್ತಲೇ ಇದ್ದವು. ಜನ ಮಣ್ಣು ತರುತ್ತಿದ್ದರು, ನಾವು ಸಲಹೆ ಕೊಡುತ್ತಿದ್ದೆವು. ನಡುವೆ ಏನಾಗುತ್ತಿತ್ತೆಂದು ಎರಡೂ ಕಡೆಯವರಿಗೂ ತಿಳಿಯುತ್ತಿರಲಿಲ್ಲ. ರಿಂಗ್ ರೋಡ್ ಹೊಸದಾಗಿದ್ದ ಕಾಲದಲ್ಲಿ ನಾಗರಬಾವಿಯ ಹಳೇ ಊರಿನ ಯಜಮಾನರೊಬ್ಬರು ಬರುತ್ತಿದ್ದರು. ಸುತ್ತ ಮನೆಗಳೆದ್ದ ಮೇಲೂ ಒಂದು ತುಂಡು ಹೊಲ ಉಳಿಸಿಕೊಂಡು ಅವರೆಕಾಯಿ ಬೆಳೆ ಹಾಕುತ್ತಿದ್ದರು. ಅದು ಏಳುತ್ತಿರಲಿಲ್ಲ. ಹೀಗೇ ಆದರೆ ಅಲ್ಲಿ ಕಾಲೇಜು ಹುಡುಗರಿಗೆ ಬಾಡಿಗೆ ರೂಮು ಕಟ್ಟಿಸುವುದೆಂದು ಅವರ ಹೆಂಡತಿ ತೀರ್ಮಾನಿಸಿದ್ದರು.

೧. ಜರಡಿ ಹಿಡಿದದ್ದು

ಒಂದು ಹಿಡಿ ಸಾಕಿತ್ತು, ಯಜಮಾನರು ಚೀಲ ತುಂಬ ತಂದರು. ಕಪ್ಪಗೆ, ಪುಡಿಪುಡಿಯಾಗಿ, ನೋಡಿದರೆ ಸಂತೋಷವಾಗುವಂಥ ಮಣ್ಣು. ಪರೀಕ್ಷೆಯಲ್ಲೂ ಕೊರತೆಯಿಲ್ಲ. ಏನೂ ಹಾಕಬೇಡಿ ಎಂದು ಬರೆದುಕೊಟ್ಟೆ. ಅವರು ಏನೂ ಹಾಕಲಿಲ್ಲ. ಅವರೆ ಮೊಣಕಾಲಿಗೂ ಬರಲಿಲ್ಲ.

"ನಿಜ ಹೇಳಿ, ಅದು ಹೊಲದ ಮಣ್ಣಾ?"

"ತುಳಸಿಕಟ್ಟೇದು ಸಾರ್, ಜರಡಿ ಹಿಡಿದು ತಂದೆ. ಹೊಲ್ದಲ್ಲಿ ಬರೀ ಕಲ್ಲು, ಕಸ. ಆಫೀಸಿಗೆ ಹೆಂಗೆಂಗೋ ಇರೋದು ತರೋಕಾಗುತ್ತಾ?"

ಒಂದು ತುಳಸಿಕಟ್ಟೆ ಅವರೆ ಬೆಳೆಯಲು ಯೋಗ್ಯವೆಂದು ಸರ್ಕಾರದ ಮೊಹರು ಬಿದ್ದಿತ್ತು.

೨. ಗುಂಡಿಗಳು

ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಅಲ್ಲಲ್ಲಿ ಗೇಣುದ್ದ ಗುಂಡಿ ತೋಡಿ, ಎಲ್ಲದರ ಮಣ್ಣು ಬೆರೆಸಿ ತನ್ನಿ ಎಂದೆ. ಹಾಗೇ ತಂದರು. ಆದರೆ ನಮ್ಮ ಕಡೆ ಯಾರಾದರೂ ಗುಂಡಿ ತೋಡಿದರೆ ಅದು ಪಾಯಕ್ಕೇ. ವಾರದೊಳಗೆ ಕಾಮಾಕ್ಷಿಪಾಳ್ಯದ ಬ್ರೋಕರ್ ಒಬ್ಬ ನಮ್ಮ ಕಚೇರಿಯಲ್ಲಿ ಕೂತಿದ್ದ.

"ಆ ಹೊಲದ ರಿಪೋರ್ಟ್ ಬಂತಾ ಸಾರ್? ಎಷ್ಟು ಫ್ಲೋರ್ ತಡೆಯುತ್ತೆ?"

"ಸುಣ್ಣದಂಶ ಜಾಸ್ತಿ. ಅಕ್ಕಪಕ್ಕ ಮನೆ ಕಟ್ಟಿದವರು ಸಿಮೆಂಟು, ಗಾರೆ ಎಲ್ಲ ಅಲ್ಲೇ ಸುರಿದಿದಾರೆ. ಬೇರು ಇಳೀತಾ ಇಲ್ಲ."

"ಸಿಮೆಂಟ್ ಆಗ್ಲೇ ಹಾಕಿದಾರಾ? ಹಾಗಾದ್ರೆ ಅರ್ಧ ಕೆಲ್ಸ ಮುಗೀತಲ್ಲ ಸಾರ್" ಎಂದು ನೆಮ್ಮದಿಯಿಂದ ಎದ್ದು ಹೋದ.

೩. ಹಳದಿ ಹೂವು

ಗಾರೆ ಆರಿಸಿ ತೆಗೆದು ಸೆಣಬು ಬಿತ್ತಿ, ಹೂ ಬಿಡುವಾಗ ಅದನ್ನು ಮಣ್ಣಿಗೇ ಉತ್ತುಬಿಡಿ. ಕೊಳೆತು ಗೊಬ್ಬರವಾಗುತ್ತದೆ, ಆಮೇಲೆ ಅವರೆ ಹಾಕಿ ಎಂದೆ. ಸೆಣಬು ಆಳೆತ್ತರ ಬಂತು. ಹೊಲ ತುಂಬ ಹಳದಿ ಹೂವು. ಯಜಮಾನರ ಹೆಂಡತಿ ಅದನ್ನು ನೋಡಿ ಮನಸ್ಸು ಬದಲಿಸಿ, ರೂಮು ಕಟ್ಟಲು ಕರೆಸಿದ್ದ ಮೇಸ್ತ್ರಿಯನ್ನು ವಾಪಸ್ ಕಳಿಸಿದರು. ಮರುದಿನ ಬೆಳಿಗ್ಗೆ ಯಜಮಾನರು ಟ್ರ್ಯಾಕ್ಟರ್ ಹೊಡೆಸಿದರು. ಮಧ್ಯಾಹ್ನ ಆಕೆ ನನ್ನೆದುರು ನಿಂತಿದ್ದರು.

"ಇಷ್ಟು ವರ್ಷಕ್ಕೆ ಒಂದು ಬೆಳೆ ಬಂತು. ನನ್ನ ಮೇಲಿನ ಸಿಟ್ಟಿಗೆ ಅದನ್ನೂ ಉತ್ತುಬಿಟ್ರು."

"ಸಿಟ್ಟಲ್ಲಮ್ಮ, ನಾನೇ ಹೇಳಿದ್ದು. ಅದು ಬೆಳೆಯಲ್ಲ, ಗೊಬ್ಬರ."

"ಗೊಬ್ಬರ ಹೂ ಬಿಡುತ್ತಾ?"

"ಬಿಡುತ್ತೆ."

"ನಿಮಗೆ ಮದುವೆ ಆಗಿದ್ಯಾ?" ಎಂದರು. ಆಗಿದೆ ಎಂದೆ.

"ಪಾಪ" ಎಂದು ಹೊರಟುಹೋದರು.

೪. ಸೊಗಡಿನ ಕಾಲ

ಚಳಿಗಾಲಕ್ಕೆ ಅವರೆ ಬಂತು, ಸೊಂಟದೆತ್ತರ. ಆಕೆಯೇ ನಿಂತು ಕಾಯಿ ಕೀಳಿಸಿದರಂತೆ. ರೂಮಿನ ಮಾತು ನಿಂತಿತು. ಯಜಮಾನರು ನನಗೊಂದು ಚೀಲ ಸೊಗಡವರೆ ತಂದರು, ಜೊತೆಗೊಂದು ಪೊಟ್ಟಣ ಮಣ್ಣು.

"ಮನೇಲಿ ತುಳಸಿ ಒಣಗ್ತಾ ಇದೆ ಸಾರ್. ಪರೀಕ್ಷೆ ಮಾಡಿಸ್ಕೊಂಡ್ ಬನ್ನಿ ಅಂತ ನಮ್ಮೋಳು ಕಳಿಸಿದಾಳೆ."

ಬಿಚ್ಚಿದೆ. ಗಾರೆ ಚೂರು, ಸಿಮೆಂಟಿನ ಹೆಂಟೆ.

"ತುಳಸಿಕಟ್ಟೆಗೆ ಇದು ಹೇಗೆ ಬಂತು?"

"ಮೊದಲನೇ ಸಲ ನಿಮಗೆ ಚೀಲ ತುಂಬ ತಂದುಕೊಟ್ನಲ್ಲ, ಕಟ್ಟೆ ಖಾಲಿ ಆಯ್ತು. ಹೊಲದ್ದು ತುಂಬಿದೆ."

ಆ ಹೊಲದಿಂದ ನನಗೆ ಮೊದಲನೇ ಸಲವೇ ಬರಬೇಕಾಗಿದ್ದ ಮಣ್ಣು ಕೊನೆಗೂ ಮೇಜಿನ ಮೇಲಿತ್ತು. ಯಜಮಾನರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಅವಳಿಗೆ ಹೇಳ್ಬೇಡಿ ಸಾರ್. ಮೇಸ್ತ್ರಿ ನಂಬರ್ ಇನ್ನೂ ಇಟ್ಕೊಂಡಿದಾಳೆ."