ಬಾಡಿಗೆಗೆ ಹೋದ ನಮ್ಮ ಮಾವ

ದೇವರು ಎಲ್ಲರಿಗೂ ಎರಡು ಕಿವಿ ಕೊಟ್ಟಿದ್ದಾನೆ. ನಮ್ಮ ಸೋದರಮಾವನಿಗೆ ಕೊಟ್ಟ ಎರಡೂ ಕಿವಿಗಳು ಟ್ಯಾಂಕ್ ತುಂಬಿ ನೀರು ಸುರಿಯುವ ಸದ್ದು ಕೇಳುವುದಕ್ಕೇ ಮೀಸಲು! ಅತ್ತೆ ಪಕ್ಕದಲ್ಲೇ ನಿಂತು ಹತ್ತು ಸಲ ಕೂಗಿದರೂ ಅವನಿಗೆ ಕೇಳಿಸುವುದಿಲ್ಲ. ಮೂರನೇ ಮಹಡಿಯಲ್ಲಿ ಯಾರದೋ ನಲ್ಲಿ ತೊಟ್ಟಿಕ್ಕಿದರೆ ಮಾತ್ರ ಊಟದ ತಟ್ಟೆ ಬಿಟ್ಟು ಎಂಜಲು ಕೈಯಲ್ಲೇ ಮೆಟ್ಟಿಲು ಹತ್ತುತ್ತಾನೆ.

ಕುಂದಲಹಳ್ಳಿಯಲ್ಲಿ ನಮ್ಮ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಮಾವ ಈಗ ಬಾಡಿಗೆ ಬೆಳೆಯುತ್ತಾನೆ. ಮೂರು ಮಹಡಿಯ ಕಟ್ಟಡ, ತುಂಬ ಒಂಟಿ ಕೋಣೆಯ ಮನೆಗಳು. ಗೇಟಿನ ಪಕ್ಕ ಒಂದು ಬೋರ್ಡು. ಗೋಡೆಗೆ ಮೊಳೆ ಹೊಡೆಯಬಾರದು, ಹಗಲು ಹೊತ್ತು ಲೈಟು ಹಾಕಬಾರದು, ನೆಂಟರು ಬಂದರೆ ಬೇಗ ಹೋಗಬೇಕು! ಇದೆಲ್ಲ ಬಾಡಿಗೆಯವರಿಗೆ ಮಾತ್ರ ಅಂದುಕೊಂಡಿರಾ? ಹೋದ ವರ್ಷ ನೆಂಟರೊಬ್ಬರ ಮದುವೆಯಲ್ಲಿ ಬೀಗರೆಲ್ಲ ಊಟಕ್ಕೆ ಕೂತಿದ್ದಾಗ ಮಾವ ಎದ್ದು ಹೋಗಿ ಛತ್ರದ ಫ್ಯಾನುಗಳನ್ನೆಲ್ಲ ಆರಿಸಿ ಬಂದ.

"ಸುಮ್ನೆ ತಿರುಗ್ತಾ ಇದ್ವು ಕಣ್ಲಾ."

"ಸುಮ್ನೆ ಎಲ್ಲಿ ಮಾವ? ಕೆಳಗೆ ಜನ ಕೂತು ಊಟ ಮಾಡ್ತಾ ಇದಾರಲ್ಲ!"

"ಉಣ್ಣೋವಾಗ ಬೆವರು ಬಂದ್ರೇನೇ ಮೈಗೆ ಅತ್ತೋದು."

ಇಂಥ ಮಾವನ ಎರಡನೇ ಮಹಡಿಯಲ್ಲಿ ಕೊಪ್ಪಳದ ಕಡೆಯ ಒಂದು ಜೋಡಿ ಇದೆ. ಗಂಡ ಗಾರೆ ಕೆಲಸದವನು. ಹೆಂಡತಿ ಮನೆಯಲ್ಲೇ ಜೋಳದ ರೊಟ್ಟಿ ತಟ್ಟಿ ಹತ್ತಿರದ ಖಾನಾವಳಿಗೆ ಕೊಡುತ್ತಾಳೆ. ಅವರಿಗೊಂದು ಕೂಸು ಹುಟ್ಟಿತು. ಒಂದು ಸಂಜೆ ಆ ಗಾರೆ ಕೆಲಸದ ಹುಡುಗ ಕೆಳಗೆ ಬಂದು ಕೈಕಟ್ಟಿ ನಿಂತ.

"ಅಣ್ಣಾರ, ಕೂಸಿಗೆ ಜೋಲಿ ಕಟ್ಟಾಕ ಮ್ಯಾಲೊಂದು ಕೊಂಡಿ ಹಾಕ್ಕೊಂತೀನ್ರಿ. ಇರೋ ಕೊಂಡಿಗೆ ಫ್ಯಾನ್ ಐತ್ರಿ."

"ತಾರಸಿಗೆ ತೂತಾ? ಇವತ್ತು ನಿಂಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ."

"ಬರೇ ಕೂಸಿನ ಭಾರ ರೀ."

"ಇವತ್ತು ಕೂಸು. ನಾಳೆ ಬೆಳೀತದಲ್ಲ!"

ಹುಡುಗ ತಲೆ ತಗ್ಗಿಸಿ ಮೇಲೆ ಹೋದ. ಆ ಕೂಸೋ, ಕೆಳಗೆ ಮಲಗಿಸಿದರೆ ಕಿರುಚುತ್ತದೆ, ಎತ್ತಿಕೊಂಡರೆ ರೊಟ್ಟಿ ತಟ್ಟಲು ಬಿಡುವುದಿಲ್ಲ. ಕೊನೆಗೆ ಗಂಡ, ತಾಯಿ ಮಗುವನ್ನು ಊರಿಗೇ ಕಳಿಸಿಬಿಡುವುದೆಂದು ತೀರ್ಮಾನಿಸಿದ. ಭಾನುವಾರ ರಾತ್ರಿಯ ಬಸ್ಸು. ಇನ್ನು ಅವನು ಇಲ್ಲಿ, ಅವರು ಅಲ್ಲಿ. ಅತ್ತೆ ಇದನ್ನು ಮಾವನಿಗೆ ಹೇಳಿದಾಗ ಮಾವ, "ಓಗ್ಲಿ ಬುಡು, ನೀರು ಉಳೀತದೆ" ಅಂದ. ಅತ್ತೆ ಅವತ್ತಿನಿಂದ ಅವನ ಜೊತೆ ಮಾತು ಬಿಟ್ಟಳು. ನೀರಿನ ಜೊತೆಗೆ ಮಾತೂ ಉಳಿಯಿತು!

ಅದೇ ವಾರ ನಾವು ಪ್ರವಾಸ ಹೊರಟದ್ದು. ಮಾವನ ಮಗಳು ಬಾಣಂತನಕ್ಕೆ ಬಂದಿದ್ದಳು. ಗಂಡನ ಮನೆಗೆ ಹೊರಡುವ ಮುಂಚೆ ಒಂದಿಷ್ಟು ಬೆಟ್ಟದ ಗಾಳಿ ಕುಡಿಯಬೇಕೆಂಬುದು ಅವಳ ಆಸೆ. ಆನೇಕಲ್ ದಾಟಿ ಬೆಟ್ಟದ ಬುಡದಲ್ಲಿ ನಾನೊಂದು ಕಾಟೇಜು ಹುಡುಕಿದೆ. ಶುಕ್ರವಾರ ಹೋಗಿ ಸೋಮವಾರ ಬರುವುದು.

"ಗ್ಯಾಸು, ಪಾತ್ರೆ ಎಲ್ಲಾ ಅವರೇ ಕೊಡ್ತಾರೆ ಮಾವ. ಅಡುಗೆ ಮಾತ್ರ ನಾವೇ ಮಾಡ್ಕೋಬೇಕು," ಅಂದೆ.

ಮಾವ ನನ್ನನ್ನು ಅಯ್ಯೋ ಪಾಪ ಎನ್ನುವಂತೆ ನೋಡಿದ. "ಅಡುಗೆ ನಾವೇ ಮಾಡ್ಬೇಕು. ಪಾತ್ರೆ ನಾವೇ ತೊಳೀಬೇಕು. ಕಸ ನಾವೇ ಗುಡಿಸ್ಬೇಕು. ಆಮ್ಯಾಕೆ ದುಡ್ಡೂ ನಾವೇ ಕೊಡ್ಬೇಕು. ಇದಕ್ಕೆ ನಮ್ ಕಡೆ ಬಾಡಿಗೆ ಮನೆ ಅಂತಾರೆ ಕಣ್ಲಾ!"

ಆದರೂ ಮಗಳ ಮಾತಿಗೆ ಬಂದ. ಕಾಟೇಜು ಚೆನ್ನಾಗಿತ್ತು. ಮುಂದೆ ಜಗುಲಿ, ಅದರಾಚೆ ರಾಗಿ ಹೊಲ, ಹಿಂದೆ ಆಕಾಶಕ್ಕೆ ಒರಗಿ ಕೂತ ಬೆಟ್ಟ. ನಾವೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರೆ ಮಾವ ಬೆರಳು ಮಡಚಿ ಗೋಡೆ ಬಡಿಯುತ್ತಿದ್ದ. "ಮರಳು ಜಾಸ್ತಿ, ಸಿಮೆಂಟು ಕಮ್ಮಿ. ಒಳಗೆ ತಾರಸಿ, ಮ್ಯಾಲೆ ಶೋಕಿಗೆ ಎಂಚು."

"ಬೆಟ್ಟ ನೋಡು ಮಾವ!"

ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದ. ಎಂಥವರ ಮನಸ್ಸೂ ಇಲ್ಲಿ ಕರಗುತ್ತದೆ ಎಂದುಕೊಂಡೆ. "ಅಷ್ಟೆತ್ತರಕ್ಕೆ ನೀರೇರಿಸ್ಬೇಕಂದ್ರೆ ಎಂಥಾ ಮೋಟ್ರು ಬೇಕ್ಲಾ!" ಅಂದ.

ಅಷ್ಟರಲ್ಲಿ ಕಾಟೇಜಿನ ಯಜಮಾನಿ ಬಂದಳು. ನೈಟಿ, ಹೆಗಲ ಮೇಲೊಂದು ಟವೆಲ್ಲು, ಕೈಯಲ್ಲಿ ಕೀಗೊಂಚಲು. ಅವಳೂ ಹೊಲ ಮಾಡುತ್ತಿದ್ದವಳೇ, ಈಗ ಕಾಟೇಜು ಮಾಡಿದ್ದಾಳೆ. ಬಾಗಿಲ ಪಕ್ಕ ಅವಳದೂ ಒಂದು ಬೋರ್ಡು. ಮೊದಲನೇ ಸಾಲೇ, ಗೋಡೆಗೆ ಮೊಳೆ ಹೊಡೆಯಬಾರದು! ಮಾವ ಅದನ್ನು ಕೊನೆಯವರೆಗೂ ಓದಿ, ಆ ದಿನದ ಮೊದಲ ಮೆಚ್ಚುಗೆಯ ಮಾತಾಡಿದ. "ಅಕ್ಷರ ದುಂಡಗೈತೆ."

ಅಡುಗೆಮನೆಯ ಹೊಸ್ತಿಲಲ್ಲಿ ಅತ್ತೆ ಮಾತು ಬಿಟ್ಟಿದ್ದನ್ನು ಬಿಟ್ಟಳು. "ನಾನೂ ರಜಾಕ್ಕೇ ಬಂದಿರೋದು. ಅಡುಗೆ ನಿಮ್ದು," ಎಂದು ಹೇಳಿ ಜಗುಲಿಯಲ್ಲಿ ಕಾಲು ಚಾಚಿ ಕೂತಳು. ಮಾವ ಸೌಟು ಹಿಡಿದ. ಸ್ವಂತ ಮನೆಯ ಗ್ಯಾಸಲ್ಲದಿದ್ದರೂ ಗ್ಯಾಸು ಗ್ಯಾಸೇ ತಾನೆ? ಉರಿ ಉಳಿಸಲೆಂದು ಕುದಿ ಬಂದ ಕೂಡಲೇ ಒಲೆ ಆರಿಸಿದ. ಆ ರಾತ್ರಿ ನಾವು ಉಂಡದ್ದು ಅಕ್ಕಿಯೂ ಅಲ್ಲ, ಅನ್ನವೂ ಅಲ್ಲ.

ಮರುದಿನ ಬೆಳ್ಳಂಬೆಳಗ್ಗೆ ಎಲ್ಲೋ ನೀರು ಸುರಿಯಿತು. ಆ ಎರಡು ಕಿವಿಗಳು ಬಿಡುತ್ತವೆಯೇ! ಮಾವ ಹೊದ್ದ ಚಾದರದಲ್ಲೇ ಓಡಿ ಮೋಟಾರು ಆರಿಸಿದ. ಮನೆಯೊಡತಿ ಪೊರಕೆ ಹಿಡಿದೇ ಬಂದಳು.

"ಯಾರ್ರೀ ನನ್ ಮೋಟ್ರು ಮುಟ್ಟಿದ್ದು?"

"ನೀರು ಸುಮ್ನೆ ಓಯ್ತಾ ಇತ್ತು..."

"ಅದು ಬಾಳೆ ಗಿಡಕ್ಕೆ ಓಯ್ತದೆ. ಬಾಡಿಗೆಗೆ ಬಂದವ್ರು ಬಾಡಿಗೆಯವ್ರಂಗಿರಿ!"

ಮಾವ ಚಾದರವನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ. ಆ ಮಾತು ಅವನದೇ! ಕುಂದಲಹಳ್ಳಿಯಲ್ಲಿ ದಿನಕ್ಕೊಮ್ಮೆಯಾದರೂ ಅವನು ಆಡುವ ಮಾತು. ಸೇರಿಗೆ ಸವಾಸೇರು ಎನ್ನುವುದನ್ನು ಕೇಳಿದ್ದೆ, ಸೇರು ಚಾದರ ಹೊದ್ದು, ಸವಾಸೇರು ಪೊರಕೆ ಹಿಡಿದು ನಿಂತದ್ದನ್ನು ನೋಡಿದ್ದು ಅವತ್ತೇ. ಒಳಗೆ ಅತ್ತೆ ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ನಗು ಇಳಿಯಿತು. ಮಾವನ ಮೊಮ್ಮಗ ಜೋಲಿಯಲ್ಲದೆ ಬೇರೆಲ್ಲೂ ಮಲಗದ ಮಹಾಶಯ. ಮನೆಯಲ್ಲಿ ಅವನಿಗೆಂದೇ ಪಡಸಾಲೆಯ ನಡುವೆ ಕೊಕ್ಕೆ ಇದೆ. ಇಲ್ಲಿಗೆ ಸೀರೆ ತಂದಿದ್ದೆವು, ಅದನ್ನು ಯಾವುದಕ್ಕೆ ಕಟ್ಟುವುದೆಂದು ಯೋಚಿಸಿರಲಿಲ್ಲ. ಇದ್ದ ಒಂದೇ ಕೊಕ್ಕೆಯಲ್ಲಿ ಫ್ಯಾನು. ಹುಣಸೆ ಮರಕ್ಕೆ ಕಟ್ಟೋಣವೆಂದರೆ ಕೊಂಬೆ ತುಂಬ ಕೆಂಪಿರುವೆ. ಮಗು ಬೆಟ್ಟಕ್ಕೆ ಕೇಳುವಂತೆ ಅತ್ತಿತು. ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದ ಮಗಳ ಕಣ್ಣಲ್ಲೂ ನೀರು. ಮಾವ ಮನೆಯೊಡತಿಯ ಬಾಗಿಲಿಗೆ ಹೋದ. ಹಿಂದೆ ನಾನೂ ಹೋದೆ.

"ಅಕ್ಕ, ಮಗೀಗೆ ಜೋಲಿ ಕಟ್ಟಕ್ಕೆ ಮ್ಯಾಲೊಂದು ಕೊಕ್ಕೆ ಆಕ್ಕೊತೀನಿ. ಓಗೋವಾಗ ಸಿಮೆಂಟು ಮೆತ್ತಿ ಕೊಡ್ತೀನಿ."

"ತಾರಸಿಗೆ ತೂತಾ? ಇವತ್ತು ನಿಮ್ಗೆ ಬಿಟ್ರೆ ನಾಳೆ ಎಲ್ರೂ ಕೇಳ್ತಾರೆ."

"ಬರೀ ಮಗೀನ ಭಾರ ಅಕ್ಕ..." ಎಂದವನು ಅಲ್ಲಿಗೇ ಮಾತು ನಿಲ್ಲಿಸಿ ತಿರುಗಿದ. ಉತ್ತರಕ್ಕೆ ಕಾಯಲಿಲ್ಲ. ಓನರುಗಳು ಇದಕ್ಕೆ ಏನು ಹೇಳುತ್ತಾರೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ವಾಪಸು ಬಂದವನೇ ಸೀರೆಯ ಎರಡೂ ತುದಿ ಸೇರಿಸಿ ತನ್ನ ಹೆಗಲಿಗೆ ಗಂಟು ಹಾಕಿಕೊಂಡು ಮೊಮ್ಮಗನನ್ನು ಒಳಗೆ ಮಲಗಿಸಿದ. ಕೊಕ್ಕೆ ಸಿಗದಿದ್ದಕ್ಕೆ ಮಾವನೇ ಕೊಕ್ಕೆಯಾದ! ಜಗುಲಿಯ ಈ ತುದಿಯಿಂದ ಆ ತುದಿಗೆ ನಡೆದ. ನಿಂತರೆ ಕಿರುಚಾಟ, ನಡೆದರೆ ನಿದ್ದೆ. ನಾನು ತೆಗೆದುಕೊಳ್ಳುತ್ತೇನೆಂದರೂ ಕೊಡಲಿಲ್ಲ. ಬಿಸಿಲು ಬೆಟ್ಟದ ಆಚೆಗೆ ಇಳಿಯಿತು. ಅಡುಗೆ ಆಗಬೇಕಲ್ಲ? ಮಗುವನ್ನು ಹೊತ್ತೇ ಒಲೆಯ ಮುಂದೆ ನಿಂತು ರಾಗಿ ಹಿಟ್ಟು ತಿರುವಲು ಹೋದ. ಹಬೆ ಮಗುವಿನತ್ತ ಬಂತು, ಹಿಂದೆ ಸರಿದ. ಹಿಟ್ಟು ಗಂಟಾಯಿತು, ಮುಂದೆ ಬಂದ. ಮತ್ತೆ ಸರಿದ. ಆ ಕುಣಿತ ನೋಡಿ ನನಗೆ ನಗು ತಡೆಯಲಾಗಲಿಲ್ಲ.

ಅತ್ತೆ ಮಾತ್ರ ನಗಲಿಲ್ಲ. ಮಾವನ ಕೈಯಿಂದ ಹಿಟ್ಟಿನ ಕೋಲು ತೆಗೆದುಕೊಂಡು ಮೆಲ್ಲಗೆ ಹೇಳಿದಳು. "ಆ ಉಡುಗಿ ದಿನಾ ಇಂಗೇ ರೊಟ್ಟಿ ತಟ್ಟೋದು ಕಣ್ರೀ."

ಮಾವ ಊಟಕ್ಕೆ ಕೂತು ಮುದ್ದೆ ಮುರಿದ, ಅರ್ಧ ಬಿಟ್ಟ. ಮರುದಿನ ನಾವೆಲ್ಲ ಬೆಟ್ಟ ಹತ್ತಲು ಬೂಟು ಕಟ್ಟುತ್ತಿದ್ದರೆ ಅವನು ಕಾರಿಗೆ ಚೀಲ ತುಂಬುತ್ತಿದ್ದ. "ನಡೀರಿ, ಮನೇಗೋಗನ."

ಮನೆಯೊಡತಿ ಓಡಿ ಬಂದಳು. "ಇನ್ನೂ ಒಂದಿನ ಐತಲ್ಲ? ದುಡ್ಡು ವಾಪಸ್ ಕೊಡಕಿಲ್ಲ, ಈಗ್ಲೇ ಯೋಳ್ತೀನಿ!"

"ಬ್ಯಾಡ ಬುಡಕ್ಕ," ಅಂದ ಮಾವ. ನನ್ನ ಮಾವ! "ಮನೇಲಿ ಬಾಡಿಗೆಯವ್ರು ಒಂಟವ್ರೆ. ಬಸ್ಸಿಗೆ ಮುಂಚೆ ಓಗ್ಬೇಕು."

ಚಂದಾಪುರದ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಮಾವ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಲಾರಿಗಳನ್ನೆಲ್ಲ ಬೈದ. ಮನೆ ತಲುಪಿದವನು ನೀರೂ ಕುಡಿಯದೆ, ಬೀರುವಿನೊಳಗೆ ಬೀಗ ಹಾಕಿಟ್ಟಿದ್ದ ಡ್ರಿಲ್ಲಿಂಗ್ ಮಿಷನ್ ಹಿಡಿದು ಎರಡನೇ ಮಹಡಿ ಹತ್ತಿದ.

ಬಾಗಿಲಲ್ಲಿ ಕಟ್ಟಿಟ್ಟ ಎರಡು ಚೀಲಗಳಿದ್ದವು. ಹುಡುಗಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಎದ್ದು ನಿಂತಳು. ಅವಳ ಗಂಡ ಮಾವನ ಕೈಯಲ್ಲಿದ್ದ ಮಿಷನ್ನು ನೋಡಿ ಗಾಬರಿಯಾಗಿ, "ನಾವ್ ಏನೂ ಮೊಳಿ ಹೊಡದಿಲ್ರಿ ಅಣ್ಣಾರ!" ಅಂದ.

"ಗೊತ್ತು ಕಣಪ್ಪ. ಸ್ಟೂಲ್ ತತ್ತಾ."

ಮಾವನೇ ಹತ್ತಿದ, ಮಾವನೇ ತೂತು ಕೊರೆದ. ಅವನು ಪ್ರಾಣದಂತೆ ಕಾಪಾಡಿಕೊಂಡು ಬಂದ ತಾರಸಿಯ ಪುಡಿ ಅವನ ತಲೆಯ ಮೇಲೇ ಉದುರಿತು. ಕೊಕ್ಕೆ ಕೂರಿಸಿ, ಎರಡೂ ಕೈಯಲ್ಲಿ ಹಿಡಿದು, ಕಾಲೆತ್ತಿ ನೇತಾಡಿಯೇ ನೋಡಿದ! ಬಾಗಿಲಲ್ಲಿ ಸೇರಿದ್ದ ಬಾಡಿಗೆ ಮನೆಗಳ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

"ನಂಗೇ ತಡ್ಕಂತು," ಎಂದು ಏದುಸಿರು ಬಿಡುತ್ತ ಇಳಿದ. "ಇನ್ನು ಎಷ್ಟಾದ್ರೂ ಬೆಳೀಲಿ ಬುಡು ಕೂಸು."

ಹುಡುಗಿ ಕಟ್ಟಿದ ಚೀಲ ಬಿಚ್ಚಿ ಸೀರೆಯೊಂದನ್ನು ಹೊರತೆಗೆದಳು. ಗಂಡ ಜೋಲಿ ಕಟ್ಟಿದ. ನಾಲ್ಕು ಸಲ ತೂಗುವಷ್ಟರಲ್ಲಿ ಕೂಸು ಕಣ್ಣು ಮುಚ್ಚಿತು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ?

ಹೊರಡುವಾಗ ಮಾವನ ಕೈ ಅಭ್ಯಾಸಬಲದಿಂದ ಸ್ವಿಚ್ ಬೋರ್ಡಿನ ಕಡೆ ಹೋಯಿತು. ಅಯ್ಯೋ, ಶುರುವಾಯಿತಲ್ಲ ಹಳೆಯ ಚಾಳಿ ಎಂದುಕೊಂಡೆ. ಮಾವ ಜೋಲಿಯೊಳಗೆ ಇಣುಕಿ, ಕೂಸಿನ ಹಣೆಯ ಬೆವರು ನೋಡಿ, ಫ್ಯಾನ್ ಹಾಕಿದ.

"ತಿರುಗ್ಲಿ," ಅಂದ.