ಬೆನ್ನು ಮುರಿದವರಿಗೆ ಅಂಕ ಹಾಕುವ ಕೆಲಸ

ನಗಬಾರದ ಮನೆಗಳಲ್ಲೇ ನಗು ಬರುವಂಥದ್ದು ಹೆಚ್ಚು ನಡೆಯುತ್ತದೆ. ಸಾಗರದ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೆ, ಊರವರಿಗೆ ಡಾಕ್ಟ್ರೇ. ಬೆನ್ನುಹುರಿಗೆ ಪೆಟ್ಟಾಗಿ ಮನೆ ಸೇರಿದವರನ್ನು ಹೊಸನಗರ, ತೀರ್ಥಹಳ್ಳಿ ಕಡೆಯೆಲ್ಲ ಸುತ್ತಿ ನೋಡಿ, ಯಾರು ಎಷ್ಟು ಸುಧಾರಿಸಿದರೆಂದು ಅಂಕ ಹಾಕುವ ಕೆಲಸ. ಎಷ್ಟೋ ಮನೆಗಳಲ್ಲಿ ಎರಡನೇ ಸಲ ಹೋಗುವಷ್ಟರಲ್ಲಿ ಅಂಕ ಹಾಕಲು ಮನುಷ್ಯನೇ ಇರುತ್ತಿರಲಿಲ್ಲ. ಅದಿರಲಿ. ಈಗ ನಿವೃತ್ತ, ಕೇಳುವವರು ಸಿಕ್ಕರೆ ಸಾಕು. ಅರಳಸುರಳಿ ಕಡೆಯ ಒಬ್ಬನ ಕಥೆ ಹೇಳಿಬಿಡುತ್ತೇನೆ.

ಹಲಸಿನ ಮರದಿಂದ ಬಿದ್ದು ಅವನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಹೋಗಿತ್ತು. ಕಾಲು ಬರುತ್ತಾ ಎಂದು ಅವನು ಕೇಳಲೇ ಇಲ್ಲ. ಕೇಳಿದ್ದು ಒಂದೇ: "ಮಗಳ ಮದುವೇಲಿ ಪಂಕ್ತಿ ವಿಚಾರಿಸೋಕಾಗುತ್ತಾ ಡಾಕ್ಟ್ರೇ?" ಉಣ್ಣುವವರ ಸಾಲಿನ ಮುಂದೆ ಯಜಮಾನ ಹಾದು 'ನಿಧಾನ ಊಟ ಮಾಡಿ' ಅನ್ನದಿದ್ದರೆ ನಮ್ಮಲ್ಲಿ ಅದು ಮದುವೆಯೇ ಅಲ್ಲ. ಅವನ ತಮ್ಮ ಆಗಲೇ, "ನೀನು ಒಳಗೆ ಮಲ್ಗಿರು, ನಾನು ವಿಚಾರಿಸ್ತೀನಿ" ಅಂದಿದ್ದನಂತೆ.

ಕೆಮ್ಮು

ಕಣ್ಣು ಮುಚ್ಚಿಸಿ, ಕಾಲಿಗೆ ಸೂಜಿಮೊನೆ ತಾಗಿಸಿ, "ಗೊತ್ತಾದ್ರೆ ಹೂಂ ಅನ್ನು" ಎನ್ನುವುದು ಪರೀಕ್ಷೆ. ಹೋದ ಸಲ ಒಂದಕ್ಕೂ ಹೂಂ ಅನ್ನದವನು ಈ ಸಲ ಎಲ್ಲದಕ್ಕೂ ಅಂದ. ನನಗೋ ಕುಣಿಯುವಷ್ಟು ಸಂತೋಷ. ಆಮೇಲೆ ಗಮನಿಸಿದೆ: ಸೂಜಿ ತಾಗಿದಾಗಲೆಲ್ಲ ಅವನ ತಾಯಿ ಬಾಗಿಲ ಹತ್ತಿರ ಸಣ್ಣಗೆ ಕೆಮ್ಮುತ್ತಿದ್ದರು.

"ಅಮ್ಮಾ, ಸ್ವಲ್ಪ ಆಚೆ ಕೂತ್ಕೊಳ್ಳಿ," ಅಂದೆ. ಹೋದರು. ಮತ್ತೆ ಸೂಜಿ ತಾಗಿಸಿದೆ. ಅವನು ಸುಮ್ಮನೆ ಮಲಗಿದ್ದ.

ಹೊರಡುವಾಗ ತಾಯಿ ಅಂದರು, "ಎಂತ ಮಾಡೋದು? ಅವ ಫೇಲಾದ್ರೆ ನೀವು ಬರೋದೇ ಬಿಟ್ಬಿಡ್ತೀರೇನೋ ಅಂತ."

"ಫೇಲಾದ್ರೂ ಬರ್ತೀನಮ್ಮ."

"ಮೊದ್ಲೇ ಹೇಳ್ಬಾರ್ದಾ? ಕೆಮ್ಮಿ ಕೆಮ್ಮಿ ಗಂಟ್ಲು ಹೋಯ್ತು."

ಮೆಟ್ಟಿಲು

ಮಲಗಿದವನಿಗೂ ಅಂಕಪಟ್ಟಿಯ ಎಲ್ಲ ಪ್ರಶ್ನೆ ಕೇಳಲೇಬೇಕು, ಬಿಡುವ ಹಾಗಿಲ್ಲ. "ಹತ್ತೋದು, ಇಳಿಯೋದು ಹೇಗೆ?" ಎಂದೆ.

"ಹತ್ತೋದು ಚೆನ್ನಾಗೇ ಹತ್ತಿದ್ದೆ ಡಾಕ್ಟ್ರೇ. ಇಳಿಯೋದ್ರಲ್ಲೇ ಹೆಚ್ಚುಕಮ್ಮಿ ಆಗಿದ್ದು."

ಉಪ್ಪು

"ಊಟ ನೀನೇ ಮಾಡ್ತೀಯಾ?"

"ಇಲ್ಲ, ಹೆಂಡ್ತಿ ತಿನ್ನಿಸ್ತಾಳೆ."

"ಕೈ ಚೆನ್ನಾಗಿದ್ಯಲ್ಲೋ. ಅಂಕ ಹೋಗುತ್ತೆ."

ದನಿ ತಗ್ಗಿಸಿದ. "ಹೋದ್ರೆ ಹೋಗ್ಲಿ. ನಾನೇ ಉಂಡ್ರೆ ತಟ್ಟೆ ಇಟ್ಟು ಕೊಟ್ಟಿಗೆಗೆ ಹೋಗ್ತಾಳೆ. ಇಡೀ ದಿನದಲ್ಲಿ ಅವಳು ಕೂರೋದು ಅಷ್ಟೊತ್ತೇ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಕೂರಿಸ್ಕೊಂಡು ಸಾರಿಗೆ ಉಪ್ಪು ಕಡಿಮೆ ಅಂತಾರೆ. ಅದನ್ನೂ ಬರ್ಕೊಳ್ಳಿ."

ಹೋಳಿಗೆ

ಮದುವೆಗೆ ಹೋದೆ. ಕಾಲು ಬಂದಿರಲಿಲ್ಲ, ಬರುವುದೂ ಇಲ್ಲ. ಆದರೆ ಬಿದ್ದು ಎದ್ದು, ನೆಟ್ಟಗೆ ಕೂರುವುದನ್ನು ಕಲಿತಿದ್ದ. ಅಂಗಳದ ಚಪ್ಪರದಡಿ, ನೆಲದ ಮೇಲೆ ಎದುರುಬದುರು ಪಂಕ್ತಿ. ತಮ್ಮ ಶಲ್ಯ ಸರಿಮಾಡಿಕೊಳ್ಳುವಷ್ಟರಲ್ಲಿ ಇವನು ಗಾಲಿಕುರ್ಚಿ ತಳ್ಳಿಕೊಂಡು ನಡುವೆ ನುಗ್ಗಿಬಿಟ್ಟ.

"ನಿಧಾನ ಊಟ ಮಾಡಿ, ಸಂಕೋಚ ಮಾಡ್ಕೋಬೇಡಿ" ಎನ್ನುತ್ತ ಬಂದವನ ಕುರ್ಚಿ ಸರಿಯಾಗಿ ನನ್ನ ಎಲೆಯ ಎದುರು ಸಿಕ್ಕಿಬಿತ್ತು. ಮುಂದೆ ಚಪ್ಪರದ ಕಂಬ, ಹಿಂದೆ ಬಡಿಸುವವರು, ಎರಡೂ ಪಕ್ಕ ಎಲೆಗಳು. ದೂರದಿಂದ ತಮ್ಮ ನೋಡುತ್ತಿದ್ದ.

ಇವನ ಹಣೆಯಲ್ಲಿ ಬೆವರು. "ಡಾಕ್ಟ್ರಿಗೆ ಹೋಳಿಗೆ ಹಾಕ್ರೋ," ಅಂದ. ಹಾಕಿದರು. ಯಜಮಾನ ಎದುರಿಗಿರುವಾಗ ಬಡಿಸದೆ ದಾಟುವ ಗಂಡಸು ಯಾರಿದ್ದಾನೆ? ಹೋಳಿಗೆಗೆ ತುಪ್ಪ, ತುಪ್ಪ ಉಳಿಯಿತೆಂದು ಮತ್ತೆ ಹೋಳಿಗೆ.

"ಮಾರಾಯ, ನನಗೆ ಶುಗರ್ ಇದೆ. ಮುಂದೆ ಹೋಗು."

"ನೀವೆಲ್ಲ ಏಳದೆ ಕುರ್ಚಿ ಅಲ್ಲಾಡಲ್ಲ," ಪಿಸುಗುಟ್ಟಿದ.

"ಹಾಗಾದ್ರೆ ನಾನೇ ಏಳ್ತೀನಿ."

"ಪಂಕ್ತಿ ಮುಗೀದೆ ನೀವು ಏಳೋ ಹಾಗಿಲ್ಲ."

ಆಮೇಲೆ ತಮ್ಮನ ಕಡೆ ಒಮ್ಮೆ ನೋಡಿ, ಚಪ್ಪರಕ್ಕೆಲ್ಲ ಕೇಳುವ ಹಾಗೆ ಹೇಳಿದ: "ಡಾಕ್ಟ್ರಿಗೆ ಇನ್ನೂ ಎರಡು ಹಾಕ್ರೋ. ಇಷ್ಟು ದಿನ ನನ್ನ ಬೆನ್ನು ನೋಡ್ಕೊಂಡ್ರು. ಇವತ್ತು ಅವರ ಹೊಟ್ಟೆ ನೋಡ್ಕೊಳ್ಳೋದು ನಂದು."